ಪರದೆಯ ಪರಿಚಯಪತ್ರ

ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಅಳವಡಿಸಿದವರಿಗೆ ಒಂದಲ್ಲ ಒಂದು ದಿನ ಎದುರಾಗುವ ತೊಡಕೊಂದಿದೆ. ಯಂತ್ರ ಸರಿಯಾಗಿಯೇ ಏಳುತ್ತದೆ, ಡಿಸ್ಕು ತನ್ನ ಸದ್ದು ಮಾಡುತ್ತದೆ, ಮೌಸಿನ ಬಾಣವೂ ಚಲಿಸುತ್ತದೆ. ಆದರೆ ಪರದೆಯ ಮೇಲಿರುವುದೆಲ್ಲ ಅಳತೆ ತಪ್ಪಿರುತ್ತದೆ. ಅಕ್ಷರಗಳು ಉಬ್ಬಿರುತ್ತವೆ, ಅವುಗಳ ಅಂಚು ಮಸುಕಾಗಿರುತ್ತದೆ, ಒಪ್ಪಿಗೆ ಕೊಡಬೇಕಾದ ಗುಂಡಿ ಕೆಳಗಂಚಿನ ಆಚೆ ಎಲ್ಲೋ ಉಳಿದುಬಿಟ್ಟಿರುತ್ತದೆ. ಸೆಟ್ಟಿಂಗಿನ ಪುಟ ತೆರೆದರೆ 800×600, 1024×768 ಎಂಬ ಎರಡು ಮೂರು ಆಯ್ಕೆಗಳು ಮಾತ್ರ. ಮಾನಿಟರಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಾದರೋ 1280×1024 ಎಂದು ಸಾರುತ್ತಿರುತ್ತದೆ.

ಇದು ಲಿನಕ್ಸಿನ ದೋಷವೆಂದು ಬಗೆದು ಕೈಬಿಡುವವರೇ ಹೆಚ್ಚು. ನಮಗೆ ಹಾಗೆ ತೋರುವುದಿಲ್ಲ. ಈ ತೊಡಕಿಗೆ ಸುಮಾರು ನಾಲ್ಕು ದಶಕಗಳ ಚರಿತ್ರೆಯಿದೆ. ಪರದೆಯ ಶಕ್ತಿಯೆಷ್ಟು, ಮಿತಿಯೆಷ್ಟು ಎಂಬುದನ್ನು ಬಲ್ಲವರು ಯಾರಾಗಿರಬೇಕು, ಬಳಸುವ ಮನುಷ್ಯನೋ, ತಂತ್ರಾಂಶವೋ, ಪರದೆ ತಾನೇ ತಾನೋ ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲ ಕೊಟ್ಟ ಬೇರೆ ಬೇರೆ ಉತ್ತರಗಳೇ ಆ ಚರಿತ್ರೆ.

ಸರ್ಕಾರಿ ಕಚೇರಿಯಲ್ಲಿ ದುಡಿಯುವ ನಮಗೆ ರೆಸಲ್ಯೂಷನ್ ಎಂದೊಡನೆ ನೆನಪಾಗುವುದು ಠರಾವು. ಸಭೆ ಸೇರಿ, ಚರ್ಚಿಸಿ, ಗೊತ್ತುಮಾಡಿ ಬರೆದಿಡುವ ನಿರ್ಣಯ. ಪರದೆಯ ರೆಸಲ್ಯೂಷನ್ನಿಗೆ ಮೂಲದಲ್ಲಿರುವ ಅರ್ಥ ಬಿಡಿಸಿ ತೋರುವುದು, ಹತ್ತಿರದ ಎರಡು ಚುಕ್ಕೆಗಳನ್ನು ಎರಡಾಗಿಯೇ ಕಾಣಿಸುವುದು. ಆದರೂ ಮೊದಲಿನ ಅರ್ಥ ಇಲ್ಲಿಗೆ ಪೂರ್ತಿ ಹೊರತಲ್ಲ. ಕಂಪ್ಯೂಟರು ಮತ್ತು ಮಾನಿಟರುಗಳ ನಡುವೆ ಒಂದು ಒಪ್ಪಂದ ಆಗದೆ ಪರದೆಯ ಮೇಲೆ ಏನೂ ಮೂಡದು. ಮಾನಿಟರ್ ಎಂಬ ಪದವೂ ಕುತೂಹಲದ್ದೇ. ಎಚ್ಚರಿಸು, ಬುದ್ಧಿ ಹೇಳು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಎಚ್ಚರಿಸಬೇಕಾದವನು ಬಹುಕಾಲ ಬಾಯಿಯೇ ಇಲ್ಲದವನಾಗಿದ್ದ ಎಂಬುದು ಮುಂದಿನ ಕಥೆ.

ಮೊದಲು ಒಪ್ಪಂದದ ಸ್ವರೂಪವನ್ನು ನೋಡೋಣ. ದಪ್ಪ ಗಾಜಿನ ಹಳೆಯ ಮಾನಿಟರಿನಲ್ಲಿ ಚಿತ್ರ ಬರೆಯುವುದು ಒಂದು ಎಲೆಕ್ಟ್ರಾನ್ ಕಿರಣ. ಜರ್ಮನಿಯ ಫರ್ಡಿನಾಂಡ್ ಬ್ರೌನ್ 1897ರಲ್ಲಿ ರೂಪಿಸಿದ ನಳಿಕೆಯ ವಂಶಕ್ಕೆ ಸೇರಿದ್ದು ಅದು. ಕಿರಣ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು, ಆರಿ, ಮತ್ತೆ ಎಡಕ್ಕೆ ಮರಳಿ, ಮುಂದಿನ ಗೆರೆ ಹಿಡಿಯುತ್ತದೆ. ಕೆಳಗಂಚು ಮುಟ್ಟಿದ ಮೇಲೆ ಪುನಃ ಮೇಲಕ್ಕೆ ಹಾರುತ್ತದೆ. ಈ ಮರಳುವಿಕೆಗೆ ಸಮಯ ಬೇಕು. ಹೀಗಾಗಿ ಪ್ರತಿ ಗೆರೆಯಲ್ಲೂ ಕಣ್ಣಿಗೆ ಕಾಣುವ ಭಾಗದ ಆಚೆ ಕಾಣದ ಭಾಗವೊಂದಿರುತ್ತದೆ. ಗೆರೆ ಮುಗಿದು ಮರಳುವ ಸಂಕೇತ ಹೊರಡುವವರೆಗಿನ ಬಿಡುವು, ಸಂಕೇತ, ಅದಾದ ಮೇಲೆ ಹೊಸ ಗೆರೆ ಆರಂಭವಾಗುವವರೆಗಿನ ಇನ್ನೊಂದು ಬಿಡುವು. ದೂರದರ್ಶನದ ಎಂಜಿನಿಯರುಗಳು ಈ ಬಿಡುವುಗಳಿಗೆ ಇಟ್ಟ ಹೆಸರನ್ನು ಕನ್ನಡಿಸಿದರೆ ಮುಂಜಗಲಿ, ಹಿಂಜಗಲಿ ಎಂದಾಗುತ್ತದೆ. ಇಷ್ಟು ಒಣ ವಿಷಯದ ನಡುವೆ ಯಾರೋ ಒಬ್ಬರು ಮನೆಯ ಜಗಲಿಯನ್ನು ನೆನೆದರಲ್ಲ ಎಂಬುದು ನಮಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

1987ರ ಏಪ್ರಿಲಿನಲ್ಲಿ ಐಬಿಎಂ ತನ್ನ ಪಿಎಸ್/2 ಯಂತ್ರಗಳೊಂದಿಗೆ ವಿಜಿಎ ಎಂಬ ಪದ್ಧತಿಯನ್ನು ಹೊರತಂದಿತು. ಹದಿನೈದು ಸೂಜಿಗಳ ಆ ನೀಲಿ ಜೋಡಕವನ್ನು ಇಂದಿನ ಸರ್ಕಾರಿ ಸಭಾಂಗಣಗಳ ಪ್ರೊಜೆಕ್ಟರುಗಳಲ್ಲೂ ನೋಡಬಹುದು. ವಿಜಿಎಯ 640×480ರ ಹಿಂದಿರುವ ಲೆಕ್ಕ ಹೀಗಿದೆ: ಒಂದು ಗೆರೆಗೆ ಕಾಣುವ ಚುಕ್ಕೆಗಳು 640, ಮುಂಜಗಲಿ 16, ಮರಳುವ ಸಂಕೇತ 96, ಹಿಂಜಗಲಿ 48, ಒಟ್ಟು 800. ಗೆರೆಗಳ ವಿಷಯದಲ್ಲಿಯೂ ಹಾಗೆಯೇ 480ಕ್ಕೆ 10, 2 ಮತ್ತು 33 ಸೇರಿ 525. ಸೆಕೆಂಡಿಗೆ 2 ಕೋಟಿ 51 ಲಕ್ಷ 75 ಸಾವಿರ ಚುಕ್ಕೆಗಳ ವೇಗದಲ್ಲಿ ಬರೆದರೆ ಸೆಕೆಂಡಿಗೆ ಸುಮಾರು 31,469 ಗೆರೆಗಳು, 59.94 ಚಿತ್ರಗಳು. 525 ಎಂಬುದೂ 59.94 ಎಂಬುದೂ ಅಮೆರಿಕದ ದೂರದರ್ಶನದ ಸಂಖ್ಯೆಗಳು. ಗೆರೆಗಳ ವೇಗ ಅಲ್ಲಿನ ಟಿವಿಯ ವೇಗದ ಸರಿಯಾಗಿ ಎರಡರಷ್ಟು. 625 ಗೆರೆಗಳ, 50 ಚಿತ್ರಚಲನೆಯ ದೂರದರ್ಶನ ನೋಡಿ ಬೆಳೆದ ನಮ್ಮ ಮೇಜಿನ ಮೇಲೂ ಹೀಗೆ ಅಮೆರಿಕದ ಟಿವಿಯ ಅಂಕಗಣಿತ ಬಂದು ಕುಳಿತಿತು.

ಅದೇ ವರ್ಷ, 1987ರ ಸೆಪ್ಟೆಂಬರಿನಲ್ಲಿ, ಎಕ್ಸ್ ವಿಂಡೋ ವ್ಯವಸ್ಥೆಯ ಹನ್ನೊಂದನೆಯ ಆವೃತ್ತಿ ಹೊರಬಂದಿತು. ಎಂಐಟಿಯ ಅಥೀನಾ ಯೋಜನೆಯಲ್ಲಿ ರಾಬರ್ಟ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ 1984ರಲ್ಲಿ ಆರಂಭಿಸಿದ ಕೆಲಸ ಅದು. ಸ್ಟ್ಯಾನ್‌ಫರ್ಡಿನಿಂದ ಬಂದ ಡಬ್ಲ್ಯು ಎಂಬ ವ್ಯವಸ್ಥೆಯ ಮುಂದಿನದಾದ್ದರಿಂದ ವರ್ಣಮಾಲೆಯ ಮುಂದಿನ ಅಕ್ಷರವೇ ಹೆಸರಾಯಿತು. ಎಕ್ಸ್ ಹುಟ್ಟಿದ್ದು ವರ್ಕ್‌ಸ್ಟೇಷನ್ನುಗಳ ಲೋಕದಲ್ಲಿ ಎಂಬುದನ್ನು ಇಲ್ಲಿ ಗಮನಿಸಬೇಕು. ಅಲ್ಲಿ ಯಂತ್ರ, ಚಿತ್ರಫಲಕ, ಮಾನಿಟರು ಮೂರನ್ನೂ ಒಂದೇ ಕಂಪನಿ ಒಟ್ಟಿಗೆ ಮಾರುತ್ತಿತ್ತು. ಯಾವ ಪರದೆ ಬರುತ್ತದೆಂದು ತಂತ್ರಾಂಶ ಬರೆದವನಿಗೆ ಮೊದಲೇ ಗೊತ್ತು. ರೆಸಲ್ಯೂಷನ್ನಿನ ತೊಡಕು ಆ ಲೋಕದಲ್ಲಿ ಹುಟ್ಟಲು ಅವಕಾಶವೇ ಇರಲಿಲ್ಲ.

ಅದು ಹುಟ್ಟಿದ್ದು ಅಗ್ಗದ ಯಂತ್ರಗಳ ಸಂತೆಯಲ್ಲಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸಿಗೆ ಕೈಹಾಕಿದರು. ಮರುವರ್ಷವೇ ಓರೆಸ್ಟ್ ಜ್ಬೊರೋವ್‌ಸ್ಕಿ ಎಕ್ಸನ್ನು ಅದಕ್ಕೆ ಒಗ್ಗಿಸಿದರು. ಥಾಮಸ್ ರೋಯೆಲ್ ಬರೆದಿದ್ದ ಎಕ್ಸ್386 ಎಂಬುದನ್ನು ತಿದ್ದಿ ಬೆಳೆಸಿ ನಾಲ್ವರು ಗೆಳೆಯರು 1992ರಲ್ಲಿ ಎಕ್ಸ್‌ಫ್ರೀ86 ಆರಂಭಿಸಿದರು. ಹೆಸರಿನಲ್ಲಿರುವ ಶ್ಲೇಷೆ ಇಂಗ್ಲಿಷಿನಲ್ಲಿ ಓದಿದರೆ ಮಾತ್ರ ಹೊಳೆಯುತ್ತದೆ. 'ಥ್ರೀ' ಎಂಬುದು ನಾಲಗೆ ಜಾರಿ 'ಫ್ರೀ' ಆಗಿದೆ. ಈ ತಂತ್ರಾಂಶ ಓಡಬೇಕಾಗಿದ್ದುದು ಹತ್ತಾರು ಕಂಪನಿಗಳ ಚಿತ್ರಫಲಕ, ಹತ್ತಾರು ಕಂಪನಿಗಳ ಮಾನಿಟರುಗಳ ಯಾವ ಜೋಡಿಯ ಮೇಲಾದರೂ.

ನಮ್ಮ ದೇಶದಲ್ಲಿ ಆ ಸಂತೆ ಯಾವುದೆಂದು ಹೇಳಬೇಕಾಗಿಲ್ಲ. ದೆಹಲಿಯ ನೆಹರು ಪ್ಲೇಸ್, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಬೆಂಗಳೂರಿನ ಎಸ್.ಪಿ. ರಸ್ತೆ. ಇವುಗಳಲ್ಲಿ ಬಿಡಿಭಾಗಗಳನ್ನು ಆಯ್ದು, ಚೌಕಾಸಿ ಮಾಡಿ, ಕೂಡಿಸಿಕೊಂಡು ತಂದ 'ಅಸೆಂಬಲ್ಡ್' ಯಂತ್ರದಲ್ಲೇ ನಮ್ಮ ತಲೆಮಾರಿನ ಬಹುಪಾಲು ಜನ ಕಂಪ್ಯೂಟರ್ ಕಲಿತದ್ದು. 1990ರ ದಶಕದ ಉತ್ತರಾರ್ಧದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯ ಜೊತೆ ಸಿಡಿಗಳಲ್ಲಿ ಲಿನಕ್ಸನ್ನು ಹಂಚಿದಾಗ ಅದು ಹೋಗಿ ಇಳಿದದ್ದು ಇಂಥ ಯಂತ್ರಗಳಿಗೇ.

ಸಿಡಿ ಹಾಕಿದವನಿಗೆ ಮೊದಲು ಎದುರಾಗುತ್ತಿದ್ದುದು ಪ್ರಶ್ನೆಗಳ ಪಟ್ಟಿ. ನಿಮ್ಮ ಮಾನಿಟರು ಸೆಕೆಂಡಿಗೆ ಎಷ್ಟರಿಂದ ಎಷ್ಟು ಸಾವಿರ ಗೆರೆಗಳನ್ನು ತಾಳಬಲ್ಲದು? ಎಷ್ಟರಿಂದ ಎಷ್ಟು ಚಿತ್ರಗಳನ್ನು? ನಿಮ್ಮ ಫಲಕದಲ್ಲಿ ಎಷ್ಟು ಸ್ಮೃತಿಯಿದೆ, ಅದರ ಗಡಿಯಾರದ ವೇಗಗಳೇನು? ಇವುಗಳಿಗೆ ಉತ್ತರ ಮಾನಿಟರಿನ ಕೈಪಿಡಿಯ ಕೊನೆಯ ಪುಟದಲ್ಲಿರುತ್ತಿತ್ತು. ಕೈಪಿಡಿಯನ್ನು ಅಂಗಡಿಯವನು ಕೊಟ್ಟಿದ್ದರೆ. ಉತ್ತರ ತಪ್ಪಿದರೆ ಪರದೆ ಕಪ್ಪಾಗುವುದಷ್ಟೇ ಅಲ್ಲ, ಒಂದೇ ವೇಗಕ್ಕೆ ಕಟ್ಟುಬಿದ್ದ ಹಳೆಯ ಮಾನಿಟರುಗಳ ಒಳಗಿನ ಭಾಗಗಳು ಸುಟ್ಟುಹೋಗುವ ಸಂಭವವೂ ಇತ್ತು. ತಂತ್ರಾಂಶದೊಂದಿಗೆ ಬರುತ್ತಿದ್ದ ದಾಖಲೆಗಳು ಈ ಅಪಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದವು. ಅನೇಕ ವೇಗಗಳಿಗೆ ಹೊಂದಿಕೊಳ್ಳುವ ಮಲ್ಟಿಸಿಂಕ್ ಮಾನಿಟರನ್ನು ಎನ್‌ಇಸಿ ಕಂಪನಿ 1985ರಲ್ಲೇ ತಂದಿತ್ತಾದರೂ, ಸಂತೆಯ ಅಗ್ಗದ ಸರಕಿನಲ್ಲಿ ಎಲ್ಲವೂ ಅಂಥವಾಗಿರಲಿಲ್ಲ.

ಈ ಉತ್ತರಗಳನ್ನು ಕೂಡಿಸಿ ಬರೆಯುತ್ತಿದ್ದ ಒಂದು ಸಾಲಿಗೆ ಮೋಡ್‌ಲೈನ್ ಎಂದು ಹೆಸರು. ವಿಜಿಎಯ ಸಾಲು ಇಷ್ಟೇ: 25.175, ಆಮೇಲೆ 640 656 752 800, ಆಮೇಲೆ 480 490 492 525, ಕೊನೆಗೆ ಎರಡೂ ಸಂಕೇತಗಳು ಋಣವೋ ಧನವೋ ಎಂಬ ಸೂಚನೆ. ಮೇಲೆ ಹೇಳಿದ ಜಗಲಿಗಳನ್ನು ಕೂಡಿಸುತ್ತ ಹೋದರೆ ಈ ಸಂಖ್ಯೆಗಳೇ ದೊರೆಯುತ್ತವೆ. ಇಂಥ ಸಾಲುಗಳನ್ನು ರಚಿಸುವ ವಿದ್ಯೆಗೆ ಒಂದು ಕೈಪಿಡಿಯೂ ಇತ್ತು. ಎರಿಕ್ ರೇಮಂಡ್ ಪರಿಷ್ಕರಿಸಿ ಕಾಪಾಡಿಕೊಂಡು ಬಂದ ಎಕ್ಸ್‌ಫ್ರೀ86 ವಿಡಿಯೋ ಟೈಮಿಂಗ್ಸ್ ಹೌಟು. ಸಾಲು ಬರೆದು, ಎಕ್ಸನ್ನು ಚಾಲೂ ಮಾಡಿ, ಮಾನಿಟರಿನಿಂದ ಕೀರಲು ಸದ್ದು ಬಂದರೆ ತಕ್ಷಣ ಕಂಟ್ರೋಲ್, ಆಲ್ಟ್, ಬ್ಯಾಕ್‌ಸ್ಪೇಸ್ ಮೂರನ್ನೂ ಒತ್ತಿ ಹೊರಬರಬೇಕಿತ್ತು. ಅಂದಿನ ಬಳಕೆದಾರ ಪರದೆಯನ್ನು ಬಲ್ಲವನಾಗಿದ್ದ. ಬಲ್ಲವನಾಗದೆ ವಿಧಿಯಿರಲಿಲ್ಲ ಎಂದರೂ ಸರಿ.

ತಿಳಿವಳಿಕೆ ಬಳಕೆದಾರನ ಬಳಿ ಇದ್ದರೆ ಸಾಲದು, ತಯಾರಕರೂ ಬಾಯಿಬಿಡಬೇಕಿತ್ತು. 90ರ ದಶಕದ ಆರಂಭದಲ್ಲಿ ಡೈಮಂಡ್ ಎಂಬ ಕಂಪನಿ ತನ್ನ ಫಲಕಗಳ ಗಡಿಯಾರವನ್ನು ನಡೆಸುವ ವಿವರಗಳನ್ನು ಬಹಿರಂಗಪಡಿಸಲು ಒಪ್ಪಲಿಲ್ಲ; ಅದರ ಫಲಕಗಳನ್ನು ಕೊಳ್ಳಬೇಡಿರೆಂದು ಎಕ್ಸ್‌ಫ್ರೀ86ರ ದಾಖಲೆಗಳೇ ಬಳಕೆದಾರರಿಗೆ ಸಲಹೆ ನೀಡಿದವು. ಕೆಲ ವರ್ಷಗಳ ಮೇಲೆ ಕಂಪನಿ ತನ್ನ ನಿಲುವನ್ನು ಬದಲಿಸಿತು. ಮಾಹಿತಿಯ ಹಕ್ಕು ಎಂಬ ಮಾತು ನಮ್ಮಲ್ಲಿ ಕಾನೂನಾಗುವುದಕ್ಕೆ ಬಹು ಮೊದಲೇ ನಡೆದ ಈ ಪುಟ್ಟ ಜಗಳ ಅದೇ ಜಾತಿಯದೆಂದು ನಮ್ಮ ಭಾವನೆ.

ಸ್ಮೃತಿಯ ಲೆಕ್ಕವನ್ನೂ ಹೇಳಿಬಿಡಬೇಕು, ಏಕೆಂದರೆ ಹಳೆಯ ಯಂತ್ರದಲ್ಲಿ ಅದು ಇಂದಿಗೂ ಅಡ್ಡ ಬರುತ್ತದೆ. 256 ಬಣ್ಣಗಳಲ್ಲಿ 1024×768ರ ಒಂದು ಚಿತ್ರಕ್ಕೆ 7,86,432 ಬೈಟುಗಳು ಬೇಕು; ಒಂದು ಮೆಗಾಬೈಟಿನ ಫಲಕಕ್ಕೆ ಇದು ಸಲ್ಲುತ್ತದೆ. ಬಣ್ಣಗಳನ್ನು 65 ಸಾವಿರಕ್ಕೆ ಏರಿಸಿದರೆ ಲೆಕ್ಕ ಇಮ್ಮಡಿಯಾಗಿ 800×600ಕ್ಕೆ ಇಳಿಯಬೇಕು. ಬಣ್ಣ ಬೇಕೋ, ಜಾಗ ಬೇಕೋ ಎಂಬ ಆಯ್ಕೆ ಅದು. ಓದು ಬರಹದವರು ಜಾಗವನ್ನೇ ಆರಿಸುತ್ತಿದ್ದರು.

ಕನ್ನಡದ ಓದು ಬರಹದವರಿಗೆ ಈ ಆಯ್ಕೆ ಇನ್ನೂ ಕಟ್ಟುನಿಟ್ಟಿನದು. ರೋಮನ್ ಅಕ್ಷರಗಳು ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ನಮ್ಮ ಅಕ್ಷರಗಳು ಕೆಳಗೂ ಸಂಸಾರ ಹೂಡುತ್ತವೆ. 'ರಾಷ್ಟ್ರ', 'ವೈಶಿಷ್ಟ್ಯ' ಎಂಬ ಪದಗಳಲ್ಲಿ ಗೆರೆಯ ಕೆಳಗೆ ಒಂದಲ್ಲ, ಎರಡು ಒತ್ತುಗಳು. ಇಂಗ್ಲಿಷಿನ ಒಂದು ಸಾಲಿಗೆ ಸಾಕಾಗುವ ಎತ್ತರದಲ್ಲಿ ಕನ್ನಡದ ಸಾಲು ಉಸಿರಾಡದು. ಐಐಟಿ ಕಾನ್ಪುರದಲ್ಲಿ ಮೊದಲುಗೊಂಡು ಪುಣೆಯ ಸಿ-ಡ್ಯಾಕಿನಲ್ಲಿ ಬೆಳೆದ ಜಿಸ್ಟ್ ಕಾರ್ಡು ಭಾರತೀಯ ಲಿಪಿಗಳಿಗಾಗಿ ಪ್ರತ್ಯೇಕ ಯಂತ್ರಾಂಶವನ್ನೇ ಒದಗಿಸಬೇಕಾಯಿತು. ಮುಂದೆ ಯೂನಿಕೋಡ್ ಬಂದು, ಕೇದಗೆ, ಮಲ್ಲಿಗೆ, ಲೋಹಿತ್ ಮುಂತಾದ ಮುಕ್ತ ಅಕ್ಷರವಿನ್ಯಾಸಗಳು ಲಿನಕ್ಸಿಗೆ ಸೇರಿದ ಮೇಲೂ ಚುಕ್ಕೆಗಳ ಬಡತನ ಉಳಿದೇ ಇತ್ತು. ಅಳತೆ ತಪ್ಪಿದ ಪರದೆಯಲ್ಲಿ ಇಂಗ್ಲಿಷ್ ವಿಕಾರವಾಗಿ ಕಾಣುತ್ತದೆ, ಅಷ್ಟೇ. ಕನ್ನಡದಲ್ಲಿ ಅರ್ಥವೇ ಹೋಗುತ್ತದೆ. ಬಣ್ಣಕ್ಕೂ ಬಣಕ್ಕೂ, ಹಳ್ಳಿಗೂ ಹಳಿಗೂ ನಡುವೆ ಇರುವುದು ನಾಲ್ಕಾರು ಚುಕ್ಕೆಗಳ ಒಂದು ಒತ್ತು. ಕತೆ ಕತ್ತೆಯಾಗುವುದಕ್ಕೂ ಅಷ್ಟೇ ಸಾಕು.

ಬಾಯಿಯಿಲ್ಲದ ಮಾನಿಟರಿಗೆ ಮಾತು ಬಂದದ್ದು 1994ರಲ್ಲಿ. ಚಿತ್ರಪರದೆಗಳ ಮಾನಕಗಳನ್ನು ಗೊತ್ತುಪಡಿಸಲು ಹುಟ್ಟಿಕೊಂಡಿದ್ದ ವೆಸಾ ಎಂಬ ತಯಾರಕರ ಒಕ್ಕೂಟ ಆ ವರ್ಷ ಇಡಿಐಡಿ ಎಂಬ ಪದ್ಧತಿಯನ್ನು ಪ್ರಕಟಿಸಿತು. ಮಾನಿಟರಿನೊಳಗೆ ಒಂದು ಪುಟ್ಟ ಸ್ಮೃತಿಚಿಪ್ಪು, ಅದರಲ್ಲಿ 128 ಬೈಟುಗಳ ಒಂದು ಪರಿಚಯಪತ್ರ. ತಯಾರಕರ ಹೆಸರು ಮೂರು ಅಕ್ಷರಗಳಲ್ಲಿ, ಮಾದರಿಯ ಸಂಖ್ಯೆ, ತಯಾರಾದ ವಾರ ಮತ್ತು ವರ್ಷ, ಗಾಜಿನ ಅಗಲ ಎತ್ತರಗಳು ಸೆಂಟಿಮೀಟರುಗಳಲ್ಲಿ, ತಾಳಬಲ್ಲ ವೇಗಗಳು, ತನಗೆ ಮೆಚ್ಚಿನ ಮೋಡ್ ಯಾವುದೆಂಬ ವಿವರ. ಆ ಕೊನೆಯ ವಿವರ ಬೇರೇನೂ ಅಲ್ಲ, ಹಳೆಯ ಮೋಡ್‌ಲೈನೇ 18 ಬೈಟುಗಳಲ್ಲಿ ಮಡಿಚಿಟ್ಟದ್ದು. 128ನೆಯ ಬೈಟು ತಾಳೆ ನೋಡಲು. ಎಲ್ಲವನ್ನೂ ಕೂಡಿಸಿ 256ರಿಂದ ಭಾಗಿಸಿದರೆ ಶೇಷ ಉಳಿಯಬಾರದು. ಲೆಕ್ಕಪತ್ರ ಶಾಖೆಯವರು ಮೆಚ್ಚತಕ್ಕ ವ್ಯವಸ್ಥೆ.

ಈ ಪತ್ರ ರವಾನೆಯಾಗುವುದಕ್ಕೆ ಹೊಸ ಜೋಡಕ ಬೇಕಾಗಲಿಲ್ಲ. ವಿಜಿಎಯ ಹದಿನೈದು ಸೂಜಿಗಳಲ್ಲಿ 12 ಮತ್ತು 15ನೆಯದನ್ನು ಅದಕ್ಕೆ ಬಿಟ್ಟುಕೊಟ್ಟರು. ಮೊದಲು ಬೀಗದಂತೆ ಮುಚ್ಚಿಡಲಾಗಿದ್ದ 9ನೆಯ ತೂತಿನಲ್ಲಿ 5 ವೋಲ್ಟ್ ವಿದ್ಯುತ್ತನ್ನು ಹರಿಸಿದರು. ಮಾನಿಟರಿಗೆ ಗೋಡೆಯ ವಿದ್ಯುತ್ತು ಇಲ್ಲದಿದ್ದರೂ ಕಂಪ್ಯೂಟರಿನ ಕಡೆಯಿಂದ ಬರುವ ಈ ಐದು ವೋಲ್ಟಿನಲ್ಲಿ ಆ ಚಿಪ್ಪು ಜೀವ ಹಿಡಿದು ಉತ್ತರಿಸಬಹುದು. ಈ ವಿವರವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಮುಂದಿನದನ್ನು ಬೇಗ ಹೇಳಬಹುದು. 2004ರಲ್ಲಿ ಪರವಾನಗಿಯ ಬದಲಾವಣೆಯ ಜಗಳದಿಂದ ಎಕ್ಸ್‌ಫ್ರೀ86 ಒಡೆದು ಎಕ್ಸ್.ಆರ್ಗ್ ಮುಂದೆ ಬಂತು. ಕೀತ್ ಪ್ಯಾಕರ್ಡ್ ಮತ್ತು ಅದೇ ಹಳೆಯ ಜಿಮ್ ಗೆಟ್ಟಿಸ್ ರೂಪಿಸಿದ ರ್ಯಾಂಡ್ಆರ್ ಎಂಬ ವಿಸ್ತರಣೆ ಎಕ್ಸನ್ನು ನಿಲ್ಲಿಸದೆಯೇ ರೆಸಲ್ಯೂಷನ್ ಬದಲಿಸುವ ಸೌಕರ್ಯ ಕೊಟ್ಟಿತು. 2009ರ ಮಾರ್ಚಿನಲ್ಲಿ ಬಂದ 2.6.29ನೆಯ ಕರ್ನಲ್ಲು ಇಂಟೆಲ್ ಚಿಪ್ಪುಗಳ ಮಟ್ಟಿಗೆ ಈ ಹೊಣೆಯನ್ನು ತಾನೇ ವಹಿಸಿಕೊಂಡಿತು, ಉಳಿದವು ಹಿಂಬಾಲಿಸಿದವು. ಪರಿಚಯಪತ್ರ ಓದುವುದು, ಮೋಡ್ ಆರಿಸುವುದು ಎಲ್ಲ ತೆರೆಮರೆಗೆ ಸರಿದವು. ಮೋಡ್‌ಲೈನ್ ಬರೆಯುವ ವಿದ್ಯೆ ಯಾರಿಗೂ ಬೇಡವಾಯಿತು. ಬೇಡವಾದದ್ದು ಒಳ್ಳೆಯದೇ, ಪತ್ರ ಬರೆಯಲು ಕುಳಿತವನು ಮೊದಲು ಎಲೆಕ್ಟ್ರಾನಿನ ವೇಗ ಲೆಕ್ಕ ಹಾಕಬೇಕೆಂಬುದು ನ್ಯಾಯವಲ್ಲ.

ಆದರೆ ಪತ್ರ ತಲುಪದಿದ್ದರೆ? ಸೂಜಿ ಮುರಿದಿರಬಹುದು, ಅಗ್ಗದ ಉದ್ದನೆಯ ಕೇಬಲ್ಲಿನಲ್ಲಿ 12 ಮತ್ತು 15ರ ತಂತಿಗಳನ್ನೇ ಎಳೆದಿರದಿರಬಹುದು, ಎರಡು ಕಂಪ್ಯೂಟರುಗಳಿಗೆ ಒಂದೇ ಪರದೆ ಹಂಚುವ ಪೆಟ್ಟಿಗೆ ನಡುವೆ ಕುಳಿತು ಮಾತನ್ನು ನುಂಗಿರಬಹುದು. ಆಗ ಕರ್ನಲ್ಲು ಅನಾಮಧೇಯ ಪರದೆಯೊಡನೆ ಎಚ್ಚರದಿಂದ ವರ್ತಿಸುತ್ತದೆ. 1024×768ಕ್ಕಿಂತ ಮೇಲೆ ಹೋಗುವುದಿಲ್ಲ. ಹಳೆಯ ಗಾಜಿನ ಮಾನಿಟರಿನಲ್ಲಾದರೆ ಇದರಿಂದ ದೊಡ್ಡ ನಷ್ಟವಿಲ್ಲ, ಕಿರಣ ಎಷ್ಟು ಗೆರೆ ಬೇಕಾದರೂ ಎಳೆಯಬಲ್ಲದು. ಎಲ್‌ಸಿಡಿ ಪರದೆಯಲ್ಲಿ ಚುಕ್ಕೆಗಳು ಕಾರ್ಖಾನೆಯಲ್ಲೇ ಎಣಿಸಿ ಇಟ್ಟವು. 1280 ಚುಕ್ಕೆಗಳ ಸಾಲಿಗೆ 1024 ಚುಕ್ಕೆಗಳನ್ನು ಹಿಗ್ಗಿಸಿ ತುಂಬಿದಾಗ ಒಂದು ಚುಕ್ಕೆಯ ಪಾಲು ಪಕ್ಕದ ಚುಕ್ಕೆಗೆ ಸೋರಿ ಅಕ್ಷರ ನೀರಿನಲ್ಲಿ ನೆನೆದಂತಾಗುತ್ತದೆ.

2014ರ ಏಪ್ರಿಲ್ 8ರಂದು ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಿತು. ಮುಂದಿನ ವರ್ಷ ಭಾರತ ಸರ್ಕಾರ ಮುಕ್ತ ತಂತ್ರಾಂಶವನ್ನು ಅಳವಡಿಸಿಕೊಳ್ಳುವ ನೀತಿಯನ್ನು ಪ್ರಕಟಿಸಿತು. ಚೆನ್ನೈಯ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಅದಕ್ಕೆ ಮೊದಲೇ ಇತ್ತು. ಕಚೇರಿಗಳಿಂದ, ಬ್ಯಾಂಕುಗಳಿಂದ, ಮನೆಗಳಿಂದ ಸಾಲು ಸಾಲಾಗಿ ಹೊರಬಿದ್ದ ಎಕ್ಸ್‌ಪಿ ಯಂತ್ರಗಳಲ್ಲಿ ಹಲವು ಗುಜರಿಗೆ ಹೋದವು, ಕೆಲವು ಲಿನಕ್ಸ್ ತೊಟ್ಟು ಎರಡನೆಯ ಬಾಳು ಆರಂಭಿಸಿದವು. ಹಳೆಯ ತೊಡಕು ಹೊಸದಾಗಿ ತಲೆಯೆತ್ತಿದ್ದು ಈ ಎರಡನೆಯ ಬಾಳಿನಲ್ಲಿ. ಕೆಲವು ಇಂಟೆಲ್ ಚಿಪ್ಪುಗಳಲ್ಲಿ ಯಂತ್ರದೊಳಗಿನ ಬಯೋಸ್ ತನಗೆ ಗೊತ್ತಿದ್ದ ನಾಲ್ಕಾರು ಮೋಡುಗಳ ಆಚೆ ಏನನ್ನೂ ಒಪ್ಪುತ್ತಿರಲಿಲ್ಲ. ಕರ್ನಲ್ಲು ಹೊಣೆ ಹೊರುವ ಮುನ್ನ ಅಗಲ ಪರದೆಗಳಿಗಾಗಿ ಆ ಬಯೋಸಿನ ಪಟ್ಟಿಯನ್ನೇ ಸ್ಮೃತಿಯಲ್ಲಿ ತಿದ್ದುವ 915ರೆಸಲ್ಯೂಷನ್ ಎಂಬ ಪುಟ್ಟ ತಂತ್ರಾಂಶ ಬಳಕೆಯಲ್ಲಿತ್ತು. ಪತ್ರವಿಲ್ಲದವನಿಗೆ ಸುಳ್ಳು ಪತ್ರ ಬರೆದುಕೊಡುವ ಈ ಕಲೆ ನಮ್ಮ ದೇಶಕ್ಕೆ ಅಪರಿಚಿತವಲ್ಲ.

ದೆಹಲಿಯಲ್ಲಿ ನಾವು ಕೆಲವರು ಕನ್ನಡಿಗರು ಸೇರಿ ನಡೆಸುವ ಒಂದು ಓದುಮನೆಯಿದೆ. ಅದರ ಪುಸ್ತಕಪಟ್ಟಿಯನ್ನು ಗಣಕಕ್ಕೆ ಏರಿಸುವ ಕೆಲಸ ಹಿರಿಯರೊಬ್ಬರದು. ಎಪ್ಪತ್ತು ದಾಟಿದವರು, ನಿವೃತ್ತರು, ಅಕ್ಷರದ ತಪ್ಪನ್ನು ಕ್ಷಮಿಸದವರು. ಕೆಲಸ ನಡೆಯುತ್ತಿದ್ದುದು ಯಾರೋ ಕೊಟ್ಟ ಹಳೆಯ ಯಂತ್ರದ ಮೇಲೆ. ಅದರೊಂದಿಗೆ ಒಂದೇ ಮಾದರಿಯ ಎರಡು ಎಲ್‌ಸಿಡಿ ಪರದೆಗಳೂ ಬಂದಿದ್ದವು. ಒಂದರ ಹಿಂಬೆಳಕು ಸತ್ತು ಮೂಲೆ ಸೇರಿತ್ತು. ಇನ್ನೊಂದು ಒಮ್ಮೆ ಜಾಗ ಬದಲಿಸುವಾಗ ಎಳೆದಾಟಕ್ಕೆ ಸಿಕ್ಕಿ, ಅದರ ಕೇಬಲ್ಲಿನ ಮೂತಿಯಲ್ಲಿ ಒಂದು ಸೂಜಿ ಮುರಿದುಹೋಯಿತು. ಕೇಬಲ್ಲು ಮಾನಿಟರಿನ ಮೈಗೇ ಹೊಲಿದಂಥದು, ಬದಲಿಸುವಂತಿಲ್ಲ. ಚಿತ್ರ ಮೂಡುತ್ತಿತ್ತು, ಬಣ್ಣಗಳೂ ಸರಿಯಿದ್ದವು. ಅಳತೆ ಮಾತ್ರ 1024×768ಕ್ಕೆ ಇಳಿದಿತ್ತು. ಪಟ್ಟಿಯ ಕೊನೆಯ ಎರಡು ಕಲಮುಗಳು ಪರದೆಯಾಚೆ ಹೋದವು. ಒತ್ತುಗಳು ಕರಗಿದವು. ಒಂದು ವಾರ ಹೆಣಗಿದ ಹಿರಿಯರು, ಕಣ್ಣು ಕೈಕೊಡುತ್ತಿದೆ, ಈ ಕೆಲಸ ಇನ್ನು ಬೇರೆಯವರು ನೋಡಿಕೊಳ್ಳಲಿ ಎಂದು ಸದಸ್ಯರಿಗೆ ತಿಳಿಸಿದರು. ಯಂತ್ರವನ್ನು ಗುಜರಿಗೆ ಹಾಕುವ ಮಾತೂ ಎದ್ದಿತು.

ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಮುರಿದಿದ್ದುದು 12ನೆಯ ಸೂಜಿ.

ಮೊದಲು ನಾವು ಮಾಡಿದ್ದು 90ರ ದಶಕದವರು ಮಾಡುತ್ತಿದ್ದುದನ್ನೇ. 1280×1024ಕ್ಕೆ ವೆಸಾ ಗೊತ್ತುಪಡಿಸಿದ ಸಾಲು ಹಳೆಯ ದಾಖಲೆಗಳಲ್ಲಿ ಸುಲಭವಾಗಿ ಸಿಗುತ್ತದೆ: 108, ಆಮೇಲೆ 1280 1328 1440 1688, ಆಮೇಲೆ 1024 1025 1028 1066, ಎರಡೂ ಸಂಕೇತಗಳು ಧನ. ರ್ಯಾಂಡ್ಆರ್ ಸಲಕರಣೆಗೆ ಮೂರು ಆಜ್ಞೆಗಳು. ಹೊಸ ಮೋಡೊಂದನ್ನು ಸೃಷ್ಟಿಸು, ಅದನ್ನು ವಿಜಿಎ ಹೊರದಾರಿಗೆ ಸೇರಿಸು, ಅದಕ್ಕೆ ಬದಲಾಗು. ಪರದೆ ಕ್ಷಣಕಾಲ ಕಪ್ಪಾಗಿ ಸರಿಯಾಗಿ ಬೆಳಗಿತು. ಆದರೆ ಯಂತ್ರವನ್ನು ಆರಿಸಿ ಹಚ್ಚಿದರೆ ಮತ್ತೆ ಮೊದಲಿನಂತೆಯೇ. ಆಜ್ಞೆಗಳನ್ನು ಪ್ರತಿಬಾರಿ ಓಡಿಸಬೇಕು, ಲಾಗಿನ್ ಪುಟದಲ್ಲಂತೂ ಹಳೆಯ ಅಳತೆಯೇ ಉಳಿಯುತ್ತದೆ. ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದು ತಾನಾಗಿ ಓಡುವಂತೆ ಮಾಡಬಹುದಿತ್ತು. ಅದಕ್ಕಿಂತ ಗಟ್ಟಿಯಾದ ದಾರಿ ಮೂಲೆಯಲ್ಲಿತ್ತು.

ಬೆಳಕು ಸತ್ತ ಪರದೆಯ ಕೇಬಲ್ಲಿನಲ್ಲಿ ಎಲ್ಲ ಸೂಜಿಗಳೂ ಇದ್ದವು. ಅದನ್ನು ಯಂತ್ರಕ್ಕೆ ಜೋಡಿಸಿದೆವು. ಗೋಡೆಯ ವಿದ್ಯುತ್ತನ್ನೂ ಕೊಡಲಿಲ್ಲ. 9ನೆಯ ಸೂಜಿಯ ಐದು ವೋಲ್ಟಿಗೆ ಅದರೊಳಗಿನ ಚಿಪ್ಪು ಎಚ್ಚೆತ್ತು 128 ಬೈಟುಗಳನ್ನು ತಪ್ಪಿಲ್ಲದೆ ಒಪ್ಪಿಸಿತು. ಇನ್ನೊಂದು ಕಂಪ್ಯೂಟರಿನಿಂದ ಜಾಲದ ಮೂಲಕ ಒಳಹೊಕ್ಕು ಆ ಬೈಟುಗಳನ್ನು ಕಡತವಾಗಿ ಉಳಿಸಿ, ಫರ್ಮ್‌ವೇರ್ ಕಡತಕೋಶದಲ್ಲಿಟ್ಟು, ವಿಜಿಎ ಹೊರದಾರಿಯಲ್ಲಿ ಯಾರೇ ಬಂದರೂ ಈ ಪತ್ರವನ್ನೇ ಅವರ ಪರಿಚಯವೆಂದು ತಿಳಿಯಬೇಕು ಎಂದು ಕರ್ನಲ್ಲಿಗೆ ಬೂಟ್ ಸಾಲಿನಲ್ಲಿ ಹೇಳಿದೆವು. ಇಡಿಐಡಿ ಫರ್ಮ್‌ವೇರ್ ಎಂಬ ಆ ಆಯ್ಕೆ ಕರ್ನಲ್ಲಿನಲ್ಲಿ ಇರುವುದೇ ಇಂಥ ಪ್ರಸಂಗಗಳಿಗಾಗಿ. ಒಂದೇ ಮಾದರಿಯ ಸೋದರರಾದ್ದರಿಂದ ಕ್ರಮಸಂಖ್ಯೆಯೊಂದನ್ನು ಬಿಟ್ಟರೆ ಪತ್ರದ ಪ್ರತಿ ಅಕ್ಷರವೂ ಬದುಕಿರುವ ಪರದೆಗೆ ಒಪ್ಪುವಂಥದು. ಹಿಂಬೆಳಕಿಲ್ಲದ ಪರದೆಯನ್ನು ಬಿಚ್ಚಿ ಹಳೆಯ ಮೂಲೆಯಲ್ಲಿರಿಸಿ, ಇನ್ನೊಂದನ್ನು ಜೋಡಿಸಿ ಯಂತ್ರ ಹಚ್ಚಿದಾಗ ಲಾಗಿನ್ ಪುಟದಿಂದಲೇ 1280×1024 ಬಂದಿತ್ತು.

ಹಿರಿಯರನ್ನು ಕರೆಸಿ ಕೂರಿಸಿದೆವು. ಅವರು ಪಟ್ಟಿಯನ್ನು ತೆರೆದು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಮಸುಕಿನ ಆ ವಾರದಲ್ಲಿ ತಾವೇ ನಮೂದಿಸಿದ್ದ ಹೆಸರುಗಳಲ್ಲಿ ಒತ್ತು ತಪ್ಪಿದ ಹನ್ನೊಂದನ್ನು ಒಂದೊಂದಾಗಿ ತಿದ್ದಿದರು. ಕೆಲಸ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಈ ದಾರಿ ಇನ್ನೆಷ್ಟು ಕಾಲ ತೆರೆದಿರುತ್ತದೆ ಎಂಬುದು ಬೇರೆ ವಿಚಾರ. ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಆರಂಭಿಸಿದ ವೇಲ್ಯಾಂಡ್ ಇಂದು ಎಕ್ಸಿನ ಜಾಗಕ್ಕೆ ಬಂದು ಕುಳಿತಿದೆ. ರೆಡ್ ಹ್ಯಾಟಿನ ಹತ್ತನೆಯ ಎಂಟರ್‌ಪ್ರೈಸ್ ಆವೃತ್ತಿ 2025ರಲ್ಲಿ ಎಕ್ಸ್.ಆರ್ಗ್ ಸರ್ವರನ್ನು ಕೈಬಿಟ್ಟಿತು. ಗ್ನೋಮ್ 49ರಲ್ಲಿ ಎಕ್ಸ್ ಅಧಿವೇಶನ ಪೂರ್ವನಿಯೋಜಿತವಾಗಿ ಲಭ್ಯವಿಲ್ಲ. ವೇಲ್ಯಾಂಡಿನ ವಿನ್ಯಾಸದಲ್ಲಿ ಮೋಡ್ ಗೊತ್ತುಮಾಡುವ ಅಧಿಕಾರವೆಲ್ಲ ಕಿಟಕಿಗಳನ್ನು ಜೋಡಿಸುವ ತಂತ್ರಾಂಶದ್ದು. ರ್ಯಾಂಡ್ಆರಿನ ಆ ಮೂರು ಆಜ್ಞೆಗಳು ಅಲ್ಲಿ ನಡೆಯುವುದಿಲ್ಲ. ಕರ್ನಲ್ಲಿಗೆ ಪರಿಚಯಪತ್ರವನ್ನು ಕಡತವಾಗಿ ಒಪ್ಪಿಸುವ ದಾರಿ ಮಾತ್ರ ಎರಡಕ್ಕೂ ಕೆಳಗಿನದಾದ್ದರಿಂದ ಹಾಗೆಯೇ ಇದೆ. ಹಳೆಯ 32 ಬಿಟ್ ಯಂತ್ರಗಳಿಗೆ ಬೇರೊಂದು ಬಾಗಿಲು ಮುಚ್ಚುತ್ತಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ಕ್ಕೆ ಅವುಗಳಿಗೆಂದು ಸ್ಥಾಪಕವೇ ಇಲ್ಲ. ನಮ್ಮ ಯಂತ್ರ ಅದೃಷ್ಟಕ್ಕೆ 64 ಬಿಟ್ಟಿನದು.

ಬೆಳಕು ಸತ್ತ ಪರದೆಯನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿದ್ದಾಯಿತು. ಅದರ ಪತ್ರದ ಒಂದು ಪ್ರತಿಯನ್ನು ಓದುಮನೆಯ ದಾಖಲೆಗಳೊಂದಿಗೆ ಇಟ್ಟುಕೊಂಡಿದ್ದೇವೆ. ತಯಾರಿಕೆಯ ವರ್ಷವನ್ನು ಅದರಲ್ಲಿ 1990ರಿಂದ ಎಣಿಸಿ ಬರೆಯುವುದು ಪದ್ಧತಿ. ಆ ಸ್ಥಾನದಲ್ಲಿರುವ ಸಂಖ್ಯೆ 17.